ಸಮುದ್ರದ ತೂಬು ಹುಡುಕಿದ ಹುಲಿಯಪ್ಪ

ತಾಳಗುಂದದ ಹುಲಿಯಪ್ಪನನ್ನು ಊಟಕ್ಕೆ ಕರೆದರೆ ಅಡುಗೆ ಹೇಗಿದೆ ಎಂದು ಕೇಳಬಾರದು, ನೀರು ಹೇಗಿದೆ ಎಂದು ಕೇಳಬೇಕು ಅಂತ ಅಕ್ಕಪಕ್ಕದ ಮನೆಯವರು ಹೇಳುತ್ತಿದ್ದರು. ಹೋಳಿಗೆಯೇ ಬಡಿಸಿರಲಿ, ಬರೀ ಅನ್ನ ಸಾರೇ ಇರಲಿ, ಆತ ಮೊದಲು ಚೊಂಬು ಎತ್ತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದ. ಆಮೇಲೆ, ಇದು ಇಂಥ ಬಾವಿಯ ನೀರು, ನಿನ್ನೆ ಸೇದಿದ್ದು, ಕೊಡ ಸರಿಯಾಗಿ ಬೆಳಗಿಲ್ಲ ಎಂದು ಹೇಳಿಬಿಡುತ್ತಿದ್ದ. ಪಕ್ಕದ ಮನೆಯ ಬಂಗಾರಮ್ಮ ಒಮ್ಮೆ ಅವನನ್ನು ಪರೀಕ್ಷೆ ಮಾಡಬೇಕೆಂದು ಎರಡು ಬಾವಿಯ ನೀರನ್ನು ಬೆರೆಸಿ ಇಟ್ಟಿದ್ದಳಂತೆ. ಹುಲಿಯಪ್ಪ ಎರಡೂ ಬಾವಿಯ ಹೆಸರು ಹೇಳಿದ್ದಲ್ಲದೆ ಯಾವುದು ಹೆಚ್ಚು ಬಿದ್ದಿದೆ ಎಂಬುದನ್ನೂ ಹೇಳಿದ. ಆಮೇಲೆ ಒಂದು ವರ್ಷ ಆಕೆ ಅವನನ್ನು ಊಟಕ್ಕೆ ಕರೆಯಲಿಲ್ಲ.

ಆತ ಊರ ಕೆರೆಯ ನೀರುಗಂಟಿ. ತೂಬು ತೆಗೆದು ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು, ಮಳೆಗಾಲದಲ್ಲಿ ಏರಿಯ ಮೇಲೆ ಓಡಾಡಿ ಎಲ್ಲಾದರೂ ನೀರು ಕೊರೆಯುತ್ತಿದೆಯೇ ಎಂದು ಹುಡುಕುವುದು ಅವನ ಕೆಲಸ. ಅಪ್ಪನದೂ ಅಜ್ಜನದೂ ಇದೇ ಕೆಲಸವಾಗಿತ್ತು. ಕೆರೆಯ ನೀರು ಒಂದೇ ರಾತ್ರಿಯಲ್ಲಿ ಒಂದು ಗೇಣು ಇಳಿದರೆ ಆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ನೀರು ಸುಮ್ಮನೆ ಇಳಿಯುವುದಿಲ್ಲ, ಎಲ್ಲೋ ದಾರಿ ಮಾಡಿಕೊಂಡಿದೆ, ಆ ದಾರಿ ಸಿಗುವ ತನಕ ಊಟವಿಲ್ಲ ಎಂಬುದು ಆ ಮನೆತನದ ಕಟ್ಟಳೆ.

ಇಂಥ ಮನುಷ್ಯ ಬೆಂಕಿಬೆಟ್ಟದ ನಡುಗಡ್ಡೆಗೆ ಹೋಗಿ ಬಂದದ್ದು ಐವತ್ತೆಂಟನೆಯ ಇಸವಿಯಲ್ಲಿ. ಅದಕ್ಕೆ ಕಾರಣ ಚಂದ್ರಶೇಖರಪ್ಪ ಮೇಷ್ಟ್ರು. ಅವರು ಶಿವಮೊಗ್ಗದ ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಚಳಿಗಾಲ ಬಂತೆಂದರೆ ಹೆಂಡತಿ ಶಕುಂತಲಮ್ಮನವರನ್ನು ಕರೆದುಕೊಂಡು ನಮ್ಮ ಕೆರೆಗಳ ಹಕ್ಕಿ ನೋಡಲು ಬರುತ್ತಿದ್ದರು. ಶಕುಂತಲಮ್ಮ ಹಕ್ಕಿಗಳ ಚಿತ್ರ ಬರೆಯುವವರು. ಜೊತೆಗೆ ಸೊರಬದ ಡಾಕ್ಟರು ಗುರುಮಲ್ಲಪ್ಪನವರೂ ಇರುತ್ತಿದ್ದರು. ಈ ಮೂವರಿಗೂ ರಜೆ ಎಂದರೆ ನಡೆಯುವುದು. ಗುಡ್ಡ ಹತ್ತುವುದು, ಇಳಿಯುವುದು, ಕಾಲು ನೋಯಿಸಿಕೊಂಡು ಸಂತೋಷಪಡುವುದು. ರಜೆ ಸಿಕ್ಕರೆ ನೆಂಟರ ಮನೆಗೆ ಹೋಗಿ ಕೂತು ಉಣ್ಣುವುದನ್ನು ಬಿಟ್ಟು ಇವರಿಗೆ ಬಂದಿರುವುದೇನು ಎಂದು ಊರವರು ನಗುತ್ತಿದ್ದರು. ಹುಲಿಯಪ್ಪ ಮಾತ್ರ ನಗಲಿಲ್ಲ. ಕೆರೆಯ ಯಾವ ಮೂಲೆಯಲ್ಲಿ ಯಾವ ಹಕ್ಕಿ ಕೂರುತ್ತದೆಂದು ಅವರಿಗೆ ತೋರಿಸುತ್ತಿದ್ದವನು ಅವನೇ.

ಆ ವರ್ಷ ಮೇಷ್ಟ್ರಿಗೆ ಅಂಡಮಾನಿಗೆ ಹೋಗುವ ಹುಚ್ಚು ಹಿಡಿಯಿತು. ಅಂಡಮಾನಿನ ಆಚೆ ಕಡಲಿನ ನಡುವೆ ಒಂಟಿಯಾಗಿ ನಿಂತ ಬೆಂಕಿಬೆಟ್ಟಗಳಿವೆ, ಜನವಸತಿ ಇಲ್ಲ, ಅದರಲ್ಲೊಂದರಲ್ಲಿ ಬೇರೆಲ್ಲೂ ಕಾಣಸಿಗದ ಮಂಗಟ್ಟೆ ಹಕ್ಕಿ ಇದೆಯಂತೆ. ಎಂಟು ದಿನ ಅಲ್ಲಿ ಡೇರೆ ಹಾಕಿ, ಬೆಟ್ಟದ ತುದಿಯ ತನಕ ಹತ್ತಿ ಆ ಹಕ್ಕಿಯನ್ನು ನೋಡಬೇಕು. ಡೇರೆ, ಅಡುಗೆ, ನೀರು ನೋಡಿಕೊಳ್ಳಲು ಒಬ್ಬ ಗಟ್ಟಿ ಮನುಷ್ಯ ಬೇಕು. ಮೇಷ್ಟ್ರು ಹುಲಿಯಪ್ಪನ ಹೆಸರು ಹೇಳಿದರು. ಕೆರೆ ಏರಿ ಬಿಟ್ಟು ಇಳಿಯದ ಮನುಷ್ಯ ಕಡಲಲ್ಲಿ ಏನು ಮಾಡಿಯಾನು ಎಂದು ಡಾಕ್ಟರು ಅನುಮಾನಪಟ್ಟರು. ಕಲ್ಲು ಹಿಂಡಿ ನೀರು ತೆಗೆಯುವ ಮನುಷ್ಯ ಆತ, ನೀವು ನೋಡುತ್ತಿರಿ ಎಂದು ಮೇಷ್ಟ್ರು ಎಲ್ಲರ ಮುಂದೆ ಹೊಗಳಿದರು. ಆ ಮಾತು ಹುಲಿಯಪ್ಪನ ಕಿವಿಗೂ ಬಿತ್ತು. ಅಲ್ಲಿಗೆ ಮುಗಿಯಿತು, ಆತ ಹೊರಟೇಬಿಟ್ಟ.

ಅವನ ಹೆಂಡತಿ ಲೋಕಮ್ಮನ ನಾಲಿಗೆ ಹರಿತ. ರೊಟ್ಟಿ ಕಟ್ಟಿಕೊಡುತ್ತಲೇ ಕೇಳಿದಳು:

"ಕರಿನೀರಿಗೆ ಹಿಂದೆ ಕೊಲೆ ಮಾಡಿದೋರನ್ನ ಕಳಿಸ್ತಿದ್ರಂತೆ. ನೀವೇನು ಮಾಡೀರಿ?"

"ಏನೂ ಮಾಡಿಲ್ಲ. ಅದು ಕರೀದೋ ಬೆಳ್ಳಗೋ ಒಂದ್ಸಲ ಕುಡ್ದು ನೋಡಿ ಬರ್ತೀನಿ."

"ಕುಡ್ದು ನೋಡ್ರಿ. ಉಪ್ಪು ಕಡಿಮೆ ಆಗಿದ್ರೆ ಕಾಗದ ಬರೀರಿ, ಕಳಿಸ್ತೀನಿ."

ಕೆರೆಯನ್ನು ತಮ್ಮ ಕೆಂಪಪ್ಪನ ಕೈಗೆ ಒಪ್ಪಿಸಿ, ಬಸ್ಸು ಹತ್ತಿ, ರೈಲು ಹತ್ತಿ, ಮದರಾಸಿನಲ್ಲಿ ಹಡಗು ಹತ್ತಿದರು. ಮದರಾಸಿನ ದಡದಲ್ಲಿ ಹುಲಿಯಪ್ಪ ಸಮುದ್ರದ ನೀರನ್ನು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿದ, ಉಗುಳಿದ. ಇಷ್ಟು ದೊಡ್ಡ ಕೆರೆ ಕಟ್ಟಿಸಿ ಕೊನೆಗೆ ಒಂದು ಗುಟುಕಿಗೂ ಬಾರದ ಹಾಗೆ ಮಾಡಿದ ಪುಣ್ಯಾತ್ಮ ಯಾರು ಎಂದು ಕೇಳಿದನಂತೆ. ಆ ಕ್ಷಣದಿಂದ ಸಮುದ್ರದ ಮೇಲೆ ಅವನಿಗೆ ಮರ್ಯಾದೆ ಹೋಯಿತು.

ಅಂಡಮಾನಿನಿಂದ ಒಂದು ಲಾಂಚು ಅವರನ್ನು ಮುಂದೆ ಒಯ್ದಿತು. ದಾರಿಯಲ್ಲಿ ಸಿಕ್ಕ ಮೊದಲ ನಡುಗಡ್ಡೆ ಕುಂಬಾರರ ಸುಟ್ಟ ಆವಿಗೆಯ ಹಾಗೆ ಬೋಳಾಗಿ ಕರ್ರಗಿತ್ತು. ನೆತ್ತಿಯಲ್ಲಿ ತೆಳ್ಳಗೆ ಹೊಗೆ ಆಡುತ್ತಿತ್ತು. ಅರ್ಧ ದಿನ ಅದರ ಬೂದಿಯಲ್ಲಿ, ಕುಲುಮೆಯ ಕಿಟ್ಟದಂಥ ತೂತು ತೂತು ಕಲ್ಲಿನಲ್ಲಿ ನಡೆದರು. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುವ ನೆಲ. ಎರಡನೆಯ ನಡುಗಡ್ಡೆ ಹಾಗಲ್ಲ. ಅದರ ಬೆಂಕಿ ಆರಿ ಯಾವ ಕಾಲವಾಗಿತ್ತೋ, ಬುಡದಿಂದ ನೆತ್ತಿಯ ತನಕ ದಟ್ಟ ಹಸಿರು ಕಾಡು. ಅವರು ಉಳಿಯಬೇಕಾದದ್ದು ಅಲ್ಲಿಯೇ. ಲಾಂಚಿನ ಸಾಹೇಬರು ಎರಡು ಪೀಪಾಯಿ ಸಿಹಿನೀರು ಇಳಿಸಿ, ಎಂಟನೆಯ ದಿನ ಬರುತ್ತೇನೆ, ಅಲ್ಲಿಯ ತನಕ ಇದರಲ್ಲಿ ನಿಭಾಯಿಸಿ, ಈ ಬೆಟ್ಟದಲ್ಲಿ ನೀರು ಸಿಗುತ್ತದೆಂದು ನಂಬಬೇಡಿ ಎಂದು ಹೇಳಿ ಹೊರಟುಹೋದರು.

ಆ ಕೊನೆಯ ಮಾತು ಹುಲಿಯಪ್ಪನ ಮನಸ್ಸಿಗೆ ಹೋಗಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಮೂವರೂ ಹಕ್ಕಿ ನೋಡಲು ಹೋದರು. ಹುಲಿಯಪ್ಪ ಇನ್ನೂ ಮುಟ್ಟದ ಪೀಪಾಯಿಯ ಬಿರಡೆ ತೆಗೆದು ಒಂದು ಗುಟುಕು ಕುಡಿದ. ಕೀಲೆಣ್ಣೆಯ ನಾತ, ಹಳೆಯ ಮರದ ನಾತ, ತಿಂಗಳುಗಟ್ಟಲೆ ನಿಂತ ನೀರಿನ ನಾತ. ತಲೆ ಎತ್ತಿ ಬೆಟ್ಟವನ್ನು ನೋಡಿದ. ನಮ್ಮ ಕಡೆ ಇಂಥ ಗುಡ್ಡ, ಇಷ್ಟು ಕಾಡು ಇದ್ದರೆ ಅದರ ಬುಡದಲ್ಲಿ ಹಳ್ಳವೊಂದು ಇದ್ದೇ ಇರಬೇಕು, ಹಳ್ಳ ಇದ್ದಲ್ಲಿ ಹಿರಿಯರು ಕೆರೆ ಕಟ್ಟಿರಬೇಕು. ಇದು ಅವನಿಗೆ ಯಾರೂ ಹೇಳಿಕೊಟ್ಟ ಲೆಕ್ಕವಲ್ಲ, ರಕ್ತದಲ್ಲಿ ಬಂದದ್ದು. ತನ್ನನ್ನು ನಂಬಿ ಬಂದವರಿಗೆ ಇಂಥ ನೀರನ್ನು ಕುಡಿಸುವುದೆಂದರೆ ನೀರುಗಂಟಿಯ ಮನೆತನಕ್ಕೇ ಅವಮಾನ ಎಂದುಕೊಂಡು ಇಡೀ ಪೀಪಾಯಿಯನ್ನು ಉರುಳಿಸಿ ಚೆಲ್ಲಿದ. ಮರಳು ಹಾಕಿ ತಿಕ್ಕಿದ. ಬೋರಲು ಹಾಕಿ, ಕೊಡ ಹೆಗಲಿಗೇರಿಸಿ ಹಳ್ಳ ಹುಡುಕಲು ಹೋದ.

ಹಳ್ಳ ಇರಲಿಲ್ಲ. ಕೊರಕಲುಗಳೇನೋ ಇದ್ದವು, ಒಂದಾದ ಮೇಲೊಂದು. ಆದರೆ ಒಂದೊಂದರ ತಳದಲ್ಲೂ ಕಪ್ಪು ಕಿಟ್ಟ. ಮೊಣಕೈ ತನಕ ಬಗೆದರೂ ಹುಡಿ ಹುಡಿ, ಒಂದು ಹನಿ ಪಸೆ ಇಲ್ಲ. ಸಂಜೆ ಮೂವರೂ ಮಂಗಟ್ಟೆಯ ಜೋಡಿಯೊಂದನ್ನು ದೂರದಿಂದ ಕಂಡ ಸಂತೋಷದಲ್ಲಿ ಮಾತಾಡುತ್ತ ಬಂದರೆ ಹುಲಿಯಪ್ಪ ಖಾಲಿ ಪೀಪಾಯಿಯ ಪಕ್ಕ ಕೂತಿದ್ದ. ಅವರು ಕೇಳುವ ಮೊದಲೇ ಎದ್ದು ನಿಂತು ನಡೆದದ್ದನ್ನು ಹೇಳಿದ.

"ಇದ್ದದ್ದು ಎರಡು," ಎಂದರು ಡಾಕ್ಟರು. "ಅದರಲ್ಲಿ ಒಂದನ್ನ ಚೆಲ್ಲಿಬಿಟ್ರಾ?"

"ಚೆಲ್ಲಿದೆ ಡಾಕ್ಟ್ರೇ. ಇಷ್ಟು ದೊಡ್ಡ ಗುಡ್ಡದಾಗೆ ನೀರು ಇರ್ತೈತಿ ಅಂದ್ಕೊಂಡಿದ್ದೆ. ತಪ್ಪು ನಂದು."

ಡಾಕ್ಟರು ಮತ್ತೆ ಮಾತಾಡಲಿಲ್ಲ, ಅದು ಬೈಗುಳಕ್ಕಿಂತ ಹೆಚ್ಚಾಯಿತು. ಮೊದಲ ಪೀಪಾಯಿಯಲ್ಲಿ ಉಳಿದದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಲಾಂಚು ಬರಲು ಇನ್ನೂ ಆರು ದಿನ. ಬೆಟ್ಟ ಹತ್ತುವ ಮಾತು ಅಲ್ಲಿಗೇ ನಿಂತಿತು. ಹತ್ತಿದರೆ ಬೆವರು, ಬೆವರಿದರೆ ಬಾಯಾರಿಕೆ. ನೆರಳಲ್ಲಿ ಕೂತು ಅಳೆದು ಕುಡಿದು ಜೀವ ಉಳಿಸಿಕೊಳ್ಳುವುದೇ ಇನ್ನು ಕೆಲಸ ಎಂದಾಯಿತು. ಶಕುಂತಲಮ್ಮ ಸದ್ದಿಲ್ಲದೆ ತಮ್ಮ ಕುಂಚ ತೊಳೆಯುವ ಬಟ್ಟಲಿಗೆ ಸಮುದ್ರದ ನೀರು ತುಂಬಿಕೊಂಡರು.

ಮೂರನೆಯ ದಿನ ಆತ ತಾನು ಬಲ್ಲ ವಿದ್ಯೆಯನ್ನೆಲ್ಲ ಹೂಡಿದ. ಆಕಾಶದಲ್ಲಿ ಒಂದಿಷ್ಟು ಮೋಡ ಕಂಡಿತ್ತು. ಅಗಲವಾದ ಕೊರಕಲು ನೋಡಿ ಅಡ್ಡಲಾಗಿ ಕಲ್ಲು ಜೋಡಿಸಿ, ಸಂದಿಗೆ ಎಲೆ ತುರುಕಿ ಒಂದು ಪುಟ್ಟ ಏರಿ ಕಟ್ಟಿದ. ಮಧ್ಯಾಹ್ನ ನಾಲ್ಕು ಹನಿ ಮಳೆಯೂ ಬಂತು. ಏರಿಯ ಹಿಂದೆ ಎರಡು ಬೆರಳು ನೀರು ನಿಂತಿತು. ಹುಲಿಯಪ್ಪ ಕೊಡ ತರಲು ಹೋಗಿ ಬರುವುದರೊಳಗೆ ಆ ನೀರು ಕಣ್ಣಿಗೇ ಕಾಣದ ಹಾಗೆ ನೆಲದೊಳಗೆ ಇಂಗಿಹೋಗಿತ್ತು. ನಲವತ್ತು ವರ್ಷ ನೀರನ್ನು ಕಟ್ಟಿ ನಿಲ್ಲಿಸಿದ ಮನುಷ್ಯ ಆ ಒದ್ದೆ ಕಿಟ್ಟದ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ. ಈ ಗುಡ್ಡಕ್ಕೆ ತಳವೇ ಇಲ್ಲ ಎಂದು ಮೇಷ್ಟ್ರ ಮುಂದೆ ಹೇಳಿದ. ಬಿದ್ದ ಮಳೆಯೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ತನಗೆ ತಾನೇ ಕೇಳಿಕೊಳ್ಳುತ್ತ ಮಲಗಿದ.

ಮರುದಿನ ಅಮಾವಾಸ್ಯೆ. ಡೇರೆ ಇದ್ದದ್ದು ದಡದಿಂದ ಮೇಲೆ, ಮರಗಳ ಮರೆಯಲ್ಲಿ. ಬಂದಾಗಿನಿಂದ ಹುಲಿಯಪ್ಪ ಸಮುದ್ರಕ್ಕೆ ಬೆನ್ನು ಹಾಕಿಯೇ ಓಡಾಡಿದ್ದ, ಕುಡಿಯಲಾಗದ ನೀರಿನ ಮುಖ ನೋಡುವುದೇನು ಎಂದು. ಆ ಬೆಳಿಗ್ಗೆ ಪಾತ್ರೆ ತೊಳೆಯಲು ದಡಕ್ಕೆ ಇಳಿದವನು ಹಾಗೇ ನಿಂತುಬಿಟ್ಟ. ನೀರು ಇರಬೇಕಾದ ಕಡೆ ನೀರಿಲ್ಲ. ಎರಡು ಗದ್ದೆಯಷ್ಟು ಅಗಲ ಕಪ್ಪು ಬಂಡೆ ಬರಿದಾಗಿ, ಪಾಚಿ ಮಿರುಗುತ್ತ, ಏಡಿಗಳು ಹರಿದಾಡುತ್ತ ಬಿದ್ದಿದೆ. ಸಮುದ್ರ ಆಚೆಗೆಲ್ಲೋ ಇಳಿದುಹೋಗಿದೆ.

ಹುಲಿಯಪ್ಪ ಪಾತ್ರೆ ಅಲ್ಲೇ ಬಿಸಾಕಿ ಡೇರೆಯ ಕಡೆ ತಿರುಗಿ ಕೂಗಿದ.

"ಮೇಷ್ಟ್ರೇ, ಏಳ್ರಿ. ನೀರು ಇಳ್ದು ಹೋಗೈತಿ. ಎಲ್ಲೋ ಕೊರೆದೈತಿ."

ಕೂಗಿದವನು ಉತ್ತರಕ್ಕೂ ಕಾಯಲಿಲ್ಲ. ಅಪ್ಪನ ಕಾಲದ ಅಭ್ಯಾಸ. ನೀರು ಇಳಿದಿದೆ ಎಂದರೆ ದಾರಿ ಹುಡುಕಬೇಕು. ಡೇರೆಯಲ್ಲಿ ಮೊದಲು ಅರ್ಥವಾದದ್ದು ಡಾಕ್ಟರಿಗೆ. ಎರಡು ದಿನದಿಂದ ಬಿಗಿದುಕೊಂಡಿದ್ದ ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಮುದ್ರ ಸೋರಿ ಹೋಗಿದೆಯಂತೆ, ನಿಮ್ಮ ನೀರುಗಂಟಿ ತೂಬು ಹುಡುಕುತ್ತಿದ್ದಾನೆ ಎಂದರು. ಮೇಷ್ಟ್ರೂ ನಗುತ್ತ, ಪಾಪ, ಉಬ್ಬರ ಇಳಿತದ ಸಂಗತಿ ಹೇಳಿ ಕರೆದು ತರುತ್ತೇನೆ ಎಂದು ಎದ್ದರು. ಅಷ್ಟರಲ್ಲಿ ಹುಲಿಯಪ್ಪ ಬಂಡೆಗಳ ಮೇಲೆ ಬಹಳ ದೂರ ಹೋಗಿದ್ದ.

ಆತ ಹುಡುಕುವ ಕ್ರಮವೇ ಬೇರೆ. ಕಣ್ಣು ಕಡಿಮೆ, ಅಂಗಾಲು ಹೆಚ್ಚು. ಏರಿಯ ಬುಡದಲ್ಲಿ ಬರಿಗಾಲಲ್ಲಿ ನಡೆಯುತ್ತ ಹೋದರೆ ನೀರು ಕಳ್ಳದಾರಿ ಹಿಡಿದ ಜಾಗ ಕಾಲಿಗೆ ತಣ್ಣಗೆ ತಟ್ಟುತ್ತದೆ. ಬಂಡೆಯ ಹೊಂಡಗಳಲ್ಲಿ ಉಳಿದಿದ್ದ ಕಡಲ ನೀರು ಬೆಚ್ಚಗಿತ್ತು. ಒಂದು ದೊಡ್ಡ ಬಂಡೆಯ ಸಂದಿಗೆ ಬಂದಾಗ ಎಡಗಾಲು ತಣ್ಣಗಾಯಿತು. ಬಗ್ಗಿ ನೋಡಿದರೆ ಕಿರುಬೆರಳ ಗಾತ್ರದ ಧಾರೆ, ಮರಳನ್ನು ಬೀಸಣಿಗೆಯ ಹಾಗೆ ಹರಡಿಕೊಂಡು ಹರಿಯುತ್ತಿದೆ. ಆದರೆ ಅದರ ದಿಕ್ಕು ತಿರುವುಮುರುವಾಗಿತ್ತು. ಸಮುದ್ರ ಒಳಗೆ ಸೋರುತ್ತಿರಲಿಲ್ಲ, ಗುಡ್ಡವೇ ಹೊರಕ್ಕೆ ಸೋರುತ್ತಿತ್ತು. ಮೊದಲ ಬೊಗಸೆ ಉಪ್ಪು, ಉಗುಳಿದ. ಕಲ್ಲು ಸರಿಸಿ ಇನ್ನಷ್ಟು ಒಳಗೆ ಕೈ ಹಾಕಿ ಎರಡನೆಯ ಬೊಗಸೆ ತೆಗೆದ. ಮೂರನೆಯದಕ್ಕೆ ಕಣ್ಣು ಮುಚ್ಚಿದ.

ಮೇಷ್ಟ್ರು ಹತ್ತಿರ ಬಂದಾಗ ಹುಲಿಯಪ್ಪ ಅವರನ್ನು ದಾಟಿ ಆಚೆ ನೋಡಿದ. ದಡದಲ್ಲಿ ನಿಂತಿದ್ದ ಶಕುಂತಲಮ್ಮನವರನ್ನು ಕೂಗಿ ಹೇಳಿದ.

"ಅಮ್ಮಾರೇ, ಒಂದು ಚೊಂಬು ತಗೊಂಡು ಬರ್ರಿ."

ಅವರು ಕುಡಿದರು. ಇನ್ನೊಂದು ಚೊಂಬು ಕೇಳಿ ಕುಡಿದರು. ಆಮೇಲೆ ತಮ್ಮ ಗಂಡನ ಕಡೆ ತಿರುಗಿ, ನಮ್ಮ ಮನೆಯ ಬಾವಿಗಿಂತ ಚೆನ್ನಾಗಿದೆ ಎಂದರು.

ಆದರೆ ಸಂತೋಷ ಹೆಚ್ಚು ಹೊತ್ತು ನಿಲ್ಲಲಿಲ್ಲ. ನಾಲ್ಕು ಕೊಡ ತುಂಬುವುದರೊಳಗೆ ಸಮುದ್ರ ಮರಳಿ ಬಂತು. ಧಾರೆ, ಬಂಡೆ, ಸಂದಿ ಎಲ್ಲವನ್ನೂ ನುಂಗಿತು. ಹುಲಿಯಪ್ಪ ಸೊಂಟದ ತನಕ ನೀರಿನಲ್ಲಿ ನಿಂತು ಕೈಚೆಲ್ಲಿದ, ಸಿಕ್ಕಿದ್ದೂ ಹೋಯಿತೆಂದು. ಮೇಷ್ಟ್ರು ಅವನ ಭುಜ ಹಿಡಿದು, ಹೋಗಿಲ್ಲ, ಸಂಜೆ ಮತ್ತೆ ಇಳಿಯುತ್ತದೆ, ದಿನಕ್ಕೆ ಎರಡು ಸಲ ಹೀಗೆಯೇ ಎಂದು ವಿವರಿಸಿದರು.

"ದಿನಕ್ಕೆ ಎರಡು ಸಲ ತೂಬು ತೆಗೆದು ಮುಚ್ಚೋರು ಯಾರ್ರಿ?"

"ಚಂದ್ರ."

ಹುಲಿಯಪ್ಪ ಆಕಾಶ ನೋಡಿದ. ಅಮಾವಾಸ್ಯೆಯ ಆಕಾಶದಲ್ಲಿ ಚಂದ್ರ ಎಲ್ಲಿ? ಕೆಲಸದ ಮೇಲೆ ಇರೋರು ಕಾಣಿಸ್ಕೊಬೇಕು ಅಂತೇನಿಲ್ಲ ಬಿಡ್ರಿ ಎಂದ.

ಗುಡ್ಡದ ಮಳೆಯೆಲ್ಲ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಅವನಿಗೆ ಉತ್ತರ ಸಿಕ್ಕಿತ್ತು. ಕಿಟ್ಟದೊಳಗೆ ಇಂಗಿ ಇಂಗಿ, ಕಡಲ ಅಂಚಿಗೆ ಬಂದು, ಕಡಲು ಮುಚ್ಚಿದ್ದಾಗ ಯಾರಿಗೂ ಕಾಣದೆ, ತೆರೆದಾಗ ಒಂದಿಷ್ಟು ಹೊತ್ತು ಹರಿಯುತ್ತದೆ. ಅಂದು ಸಂಜೆಯ ಇಳಿತಕ್ಕೆ ಆತ ಅಕ್ಕಿಯ ಖಾಲಿ ಚೀಲಗಳಿಗೆ ಮರಳು ತುಂಬಿ ಸಿದ್ಧನಾಗಿ ಕೂತಿದ್ದ. ನೀರು ಇಳಿದದ್ದೇ ತಡ, ಧಾರೆಯ ಸುತ್ತ ಚೀಲ ಪೇರಿಸಿ, ಕಲ್ಲು ಒತ್ತರಿಸಿ ಆಳೆತ್ತರದ ಅರ್ಧದಷ್ಟು ಏರಿ ಕಟ್ಟಿದ. ಕಡಲು ಬಂದಾಗ ಅದರ ಮೇಲೆ ಹಾಯ್ದು ಹೋಗುತ್ತಿತ್ತು. ಇಳಿದಾಗ ಒಳಗಿನ ಉಪ್ಪುನೀರನ್ನು ಮೊಗೆದು ಚೆಲ್ಲಿದರೆ ಮತ್ತೆ ಸಿಹಿ ತುಂಬುತ್ತಿತ್ತು. ಡಾಕ್ಟರು ಯಾರೂ ಹೇಳದೆಯೇ ಪಂಚೆ ಎತ್ತಿ ಕಟ್ಟಿ ಕೊಡ ಹೊತ್ತರು. ಪೀಪಾಯಿ ತುಂಬಿದಾಗ ಮೊದಲ ಚೊಂಬನ್ನು ಅವರೇ ಮೊಗೆದು ಹುಲಿಯಪ್ಪನ ಮುಂದೆ ಹಿಡಿದರು.

"ಮೊದಲು ನೀವು ಕುಡೀರಿ. ನಾನು ಆವತ್ತು ಮಾತು ಬಿಟ್ಟದ್ದು ಸರಿಯಾಗಲಿಲ್ಲ."

"ಅಯ್ಯೋ, ಚೆಲ್ಲಿದೋನು ನಾನು. ನೀವು ಮಾತು ಬಿಡದೆ ಇನ್ನೇನು ಮಾಡ್ತೀರಿ?" ಎಂದು ಹೇಳಿ ಹುಲಿಯಪ್ಪ ಕುಡಿದ.

ಆರನೆಯ ದಿನ ನಾಲ್ವರೂ ಬೆಟ್ಟ ಹತ್ತತೊಡಗಿದರು. ನೆಟ್ಟಗೆ ನಿಂತ ಬೆಟ್ಟ ಅದು. ಬೇರು ಹಿಡಿದು, ಬಳ್ಳಿ ಹಿಡಿದು, ಕೆಲವು ಕಡೆ ಒಬ್ಬರ ಹೆಗಲ ಮೇಲೆ ಒಬ್ಬರು ಕಾಲಿಟ್ಟು ಏರಬೇಕು. ಹೆಗಲು ಕೊಟ್ಟವನು ಹೆಚ್ಚಾಗಿ ಹುಲಿಯಪ್ಪನೇ, ಬೆನ್ನ ಮೇಲೆ ಎರಡು ತಗಡಿನ ಡಬ್ಬ ನೀರು ಬೇರೆ. ದಾರಿಯಲ್ಲಿ ಮರಕ್ಕೆ ಮರವೇ ಬಾವಲಿ ನೇತಾಡುವುದನ್ನು ಕಂಡರು. ಕೋಳಿ ಗಾತ್ರದ ಪಾರಿವಾಳಗಳು, ಮನುಷ್ಯರನ್ನೇ ನೋಡಿರದ ಉಡ. ಅದು ಓಡಿಹೋಗದೆ ಡಾಕ್ಟರ ಚೀಲವನ್ನು ಮೂಸಿ ನೋಡಿ, ಔಷಧಿಯ ವಾಸನೆಗೆ ಮುಖ ತಿರುಗಿಸಿ ಹೋಯಿತು. ಅರ್ಧ ಬೆಟ್ಟದಲ್ಲಿ ಮಂಗಟ್ಟೆ ಸಿಕ್ಕಿತು. ಮರದ ಪೊಟರೆಯೊಳಗೆ ಹೆಣ್ಣು, ಕೊಕ್ಕು ಹಿಡಿಸುವಷ್ಟು ಒಂದು ಸೀಳು ಬಿಟ್ಟು ಪೊಟರೆಯ ಬಾಯನ್ನೆಲ್ಲ ಮೆತ್ತಿ ಮುಚ್ಚಿಕೊಂಡಿದೆ. ಹೊರಗೆ ಗಂಡು ಹಣ್ಣು ತಂದು ತಂದು ತಿನ್ನಿಸುತ್ತಿದೆ. ಶಕುಂತಲಮ್ಮ ಚಿತ್ರ ಬರೆದರು. ದುರ್ಬೀನನ್ನು ಹುಲಿಯಪ್ಪನ ಕಣ್ಣಿಗೆ ಹಿಡಿದು, ಏನನ್ನಿಸುತ್ತದೆ ಎಂದು ಕೇಳಿದರು. ನಮ್ಮ ಲೋಕಿ ಒಳಗೆ ಕೂತಿದ್ರೆ ಆ ಸೀಳಿನಾಗೇ ನನ್ನ ಬೈತಿದ್ಳು ಎಂದ.

ರಾತ್ರಿ ಬೆಟ್ಟದಲ್ಲೇ ಕಳೆದು, ತುದಿ ಮುಟ್ಟಿದ್ದು ಏಳನೆಯ ದಿನ ಬೆಳಿಗ್ಗೆ. ಸುತ್ತಲೂ ಕಡಲು, ಒಂದು ದೋಣಿಯಿಲ್ಲ, ಒಂದು ಹೊಗೆಯಿಲ್ಲ. ಹುಲಿಯಪ್ಪ ಮೊದಲ ಸಲ ಸಮುದ್ರವನ್ನು ಕಣ್ತುಂಬ ನೋಡಿದ, ಕೆಟ್ಟ ಮಾತಾಡಲಿಲ್ಲ.

ಎಂಟನೆಯ ದಿನ ಬಂದ ಲಾಂಚಿನ ಸಾಹೇಬರು ಪೀಪಾಯಿಗಳೆರಡೂ ಗಂಟಲ ಮಟ್ಟ ತುಂಬಿರುವುದನ್ನು ಕಂಡು ಬೆರಗಾದರು. ಮೇಷ್ಟ್ರು ನೀರು ಸಿಕ್ಕಿದ ಕತೆಯನ್ನು ಹೆಮ್ಮೆಯಿಂದ ಹಿಂದಿಯಲ್ಲಿ ಹೇಳಿದರು. ಹುಲಿಯಪ್ಪನಿಗೆ ಹಿಂದಿ ಬಾರದಿದ್ದರೂ ಕತೆ ಎಲ್ಲಿಂದ ಶುರುವಾಯಿತು ಎಂಬುದು ಸಾಹೇಬರ ಮುಖ ನೋಡಿಯೇ ತಿಳಿಯಿತು.

"ಮೇಷ್ಟ್ರೇ, ಚೆಲ್ಲಿದ್ದನ್ನೂ ಹೇಳ್ರಿ," ಎಂದ. "ಅದು ಬಿಟ್ಟು ಇದೊಂದೇ ಹೇಳಿದ್ರೆ ಸುಳ್ಳಾಗ್ತೈತಿ."

ಮೇಷ್ಟ್ರು ಹೇಳಿದರು. ಸಾಹೇಬರು ನಗಲಿಲ್ಲ. ಹುಲಿಯಪ್ಪನ ಹೆಸರು, ಊರು ಕೇಳಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಊರಿಗೆ ಬಂದ ಮೇಲೆ ಜನ ನಂಬಿದ್ದು ಅಷ್ಟಕ್ಕಷ್ಟೆ. ಕಡಲೊಳಗೆ ಸಿಹಿನೀರು, ಕಡಲಿಗೆ ಚಂದ್ರನೇ ನೀರುಗಂಟಿ ಎಂದರೆ ಯಾರು ನಂಬುತ್ತಾರೆ? ಆದರೆ ಪೀಪಾಯಿ ಚೆಲ್ಲಿದ ಭಾಗವನ್ನು ಎಲ್ಲರೂ ಕೂಡಲೇ ನಂಬಿದರು. ಹುಲಿಯಪ್ಪನಲ್ಲದೆ ಇನ್ಯಾರು ಚೆಲ್ಲಿಯಾರು ಎಂದಳು ಬಂಗಾರಮ್ಮ. ಲೋಕಮ್ಮ ಮಾತ್ರ ಕತೆಯನ್ನು ಪೂರ್ತಿ ಕೇಳಿ, ಆ ಚಿತ್ರ ಬರೆಯೋ ಅಮ್ಮ, ಆಕೆ ನಿಜವಾಗಿ ಎರಡು ಚೊಂಬು ಕುಡಿದಳಾ ಎಂದು ಕೇಳಿದಳು. ಹೌದು ಎಂದಾಗ ಸೆರಗಿನಿಂದ ಕಣ್ಣೊರಸಿಕೊಂಡಳು. ಅವತ್ತಿನಿಂದ ಗಂಡನ ಕತೆಯನ್ನು ಅವನಿಗಿಂತ ಚೆನ್ನಾಗಿ ಹೇಳತೊಡಗಿದಳು, ಅಲ್ಲಲ್ಲಿ ಒಂದು ತಿಮಿಂಗಿಲವನ್ನೂ ಸೇರಿಸಿ.

ಐವತ್ತೊಂಬತ್ತರ ಕೊನೆಯಲ್ಲಿ ಮೇಷ್ಟ್ರು ಖುದ್ದಾಗಿ ಬಂದರು. ಕೈಯಲ್ಲಿ ಲಾಂಚಿನ ಸಾಹೇಬರ ಕಾಗದ. ಅಂಡಮಾನಿನ ಕಾಡಂಚಿನಲ್ಲಿ ಬೇರೆ ಬೇರೆ ಸೀಮೆಯಿಂದ ಬಂದವರಿಗೆ ಸರಕಾರದವರು ಹೊಸ ಊರು ಕಟ್ಟುತ್ತಿದ್ದಾರೆ. ಎಲ್ಲಿ ಬಾವಿ ತೋಡಬೇಕು, ಎಲ್ಲಿ ಕೆರೆ ನಿಲ್ಲುತ್ತದೆ ಎಂದು ಹೇಳುವವರು ಬೇಕು. ನೀರಿದೆ ಎಂದು ಆಣೆ ಮಾಡುವವರು ಎಷ್ಟೋ ಜನ ಬಂದರು, ಬಾವಿ ಒಣಗಿದ್ದಾಗ ಒಬ್ಬನೂ ತಪ್ಪು ನನ್ನದು ಎನ್ನಲಿಲ್ಲ. ಪೀಪಾಯಿ ಚೆಲ್ಲಿದೆ ಎಂದು ಒಪ್ಪಿಕೊಂಡ ಆ ಮನುಷ್ಯ ಇದ್ದಾನೆಯೇ, ಬರುತ್ತಾನೆಯೇ ಎಂದು ಅದರಲ್ಲಿ ಬರೆದಿತ್ತು. ಸಂಬಳ, ಮನೆ, ಇಬ್ಬರಿಗೂ ಹಡಗಿನ ಖರ್ಚು ಕೊಡುತ್ತಾರಂತೆ. ಹೋದರೆ ಮತ್ತೆ ಬರುವುದು ಸುಲಭವಲ್ಲ ಎಂದು ಮೇಷ್ಟ್ರು ಮುಚ್ಚಿಡದೆ ಹೇಳಿದರು.

ಹುಲಿಯಪ್ಪ ಲೋಕಮ್ಮನ ಮುಖ ನೋಡಿದ.

"ನನ್ನ ಯಾಕೆ ನೋಡ್ತೀರಿ?" ಎಂದಳು. "ಅಷ್ಟು ಜನ ಬಾಯಾರಿ ಕೂತಿರ್ತಾರೆ. ಹೋಗೋದೇನು ಇರೋದೇನು ಅಂತ ಕೇಳೋ ಮಾತೇ ಇದು? ಒಲೆ ಹೂಡೋಕೆ ಅಲ್ಲಿ ಕಲ್ಲು ಐತೋ ಇಲ್ಲೋ, ಅದನ್ನ ಕೇಳ್ರಿ."

ಹೊರಡುವ ದಿನ ಉಳವಿಗೆ ಕೊಟ್ಟ ಮಗಳು ಯಮುನಮ್ಮ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಳು. ತೂಬಿನ ಕೆಲಸ ಕೆಂಪಪ್ಪನ ಹೆಸರಿಗಾಯಿತು. ಊರ ಹಿರಿಯರು ಬಂದು ಜಗಲಿಯ ಮೇಲೆ ಕೂತರು. ಆ ಕತೆಯನ್ನು ನಂಬದವರೂ ಬಂದಿದ್ದರು. ಅವರಲ್ಲೊಬ್ಬರು ಎದ್ದು, ತಾಳಗುಂದದವನು ಎಂದು ಅಲ್ಲಿ ಮರೆಯದೆ ಹೇಳಪ್ಪ ಎಂದಾಗ ಹುಲಿಯಪ್ಪ ತಲೆಯಾಡಿಸಿದ. ಲೋಕಮ್ಮ ಒಲೆಗೆ ನೀರು ಚಿಮುಕಿಸಿ, ಅರಿಶಿನ ಕುಂಕುಮ ಇಟ್ಟು ಹೊರಗೆ ಬಂದಳು. ಹುಲಿಯಪ್ಪ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ, ಗಂಟನ್ನು ಹೆಗಲಿಗೇರಿಸಿದ, ಬೀಗದ ಕೈಯನ್ನು ಮಗಳ ಕೈಯಲ್ಲಿಟ್ಟು ಅಂಗಳ ದಾಟಿದ.